ಆ ಹುಡುಗಿಯ ಕೀರಲು ದನಿ

ಬೈತಖೋಲ ಬಂದರಿನ ಶೆಡ್ಡಿನಲ್ಲಿ ವಾಯರ್‌ಲೆಸ್ ಸೆಟ್ಟಿನ ಎದುರು ಕೂತಿದ್ದ ವೈಜಯಂತಿ ಅದರ ಮೇಲಿಂದ ಕಣ್ಣು ತೆಗೆದಿರಲಿಲ್ಲ. ತಮ್ಮ ರೋಷನನ ಬೋಟು ದೇವಗಡ ದ್ವೀಪದಾಚೆ ಇಂಜಿನ್ ಕೆಟ್ಟು ನಿಂತಿದೆಯೆಂದು ಮಧ್ಯಾಹ್ನ ಹೇಳಿದ್ದ ಸೆಟ್ಟು ಆಮೇಲೆ ಅವನ ದನಿ ತಂದಿರಲಿಲ್ಲ. ಗಾಳಿ ಎದ್ದಿತ್ತು. ಮಳೆಗೆ ಮಂಜೂ ಸೇರಿ ಸಮುದ್ರ ಬೆಳ್ಳಗಾಗಿತ್ತು. ಇನ್ನೊಂದು ಬೋಟಿನಲ್ಲಿ ಹುಡುಕಲು ಹೋದ ಬಾಬುವಿನದು ಸೆಟ್ಟಿನಲ್ಲಿ ಒಂದೇ ಮಾತು: "ಏನೂ ಕಾಣುದಿಲ್ಲ."

"ಕತ್ತಲಾಗೂದ್ರೊಳಗೆ ಸಿಗದಿದ್ರೆ ಬಂಡೆಗೆ..." ರೋಷನನ ಬೋಟಿನ ಮಾಲಕ ತುಳಸಿದಾಸ ಮಾತು ನುಂಗಿಕೊಂಡ.

ಅಂಕೋಲೆಯಲ್ಲಿ ಮಕ್ಕಳಿಗೆ ಸಂಗೀತ ಕಲಿಸುವ ವೈಜಯಂತಿ ತಾಯಿಯಿಲ್ಲದ ತಮ್ಮನಿಗೂ ತಾನೇ ಸ್ವರ ತಿದ್ದಿದ್ದಳು. ಅವನೋ ಬೋಟಿನ ಮೇಲೆ ದೊಡ್ಡ ಸ್ಪೀಕರ್ ಕಟ್ಟಿ, ಬಲೆ ಎಳೆಯುವಾಗೆಲ್ಲ ಯಾರೋ ಹುಡುಗಿ ಹಾಡಿದ, ಊರಿಗೆ ಊರೇ ಗುನುಗುವ ಪಾಪ್ ಹಾಡು ಹಚ್ಚುತ್ತಿದ್ದ. "ಅದು ಹಾಡೂದಲ್ಲೋ, ಬಾಗಿಲ ಸಂದಿಗೆ ಬೆರಳು ಸಿಕ್ಕಿದವ್ರ ಹಾಂಗೆ ಕಿರುಚೂದು," ಎಂದರೆ, "ನಿನ್ನ ಆಲಾಪ ಮುಗಿಯೂದ್ರೊಳಗೆ ಮೀನು ಗೋವಾ ಮುಟ್ತದೆ, ಅಕ್ಕಾ," ಎಂದು ನಗುತ್ತಿದ್ದ.

"ವಾಯರ್‌ಲೆಸ್ಸಿನ ಬ್ಯಾಟರಿ ಸತ್ತಿರ್ಬೇಕು," ತುಳಸಿದಾಸ ಗೊಣಗಿದ. "ಸ್ಪೀಕರಿಗೆ ಮಾತ್ರ ಬೇರೆ ಬ್ಯಾಟರಿ ಅದೆ. ಅದಕ್ಕೇನೂ ಕಡಿಮೆ ಇಲ್ಲ."

ವೈಜಯಂತಿ ದಡಕ್ಕನೆ ಎದ್ದಳು. "ಬಾಬೂಗೆ ಇಂಜಿನ್ ಬಂದ್ ಮಾಡೂಕೆ ಹೇಳಿ."

"ಹುಚ್ಚಾ ಅಕ್ಕೋರೇ? ಈ ತೆರೆಗೆ ಇಂಜಿನ್ ಬಂದಾದ್ರೆ ಅವನ ಬೋಟೂ ಮಗಚ್ತದೆ."

"ಒಂದು ಗಳಿಗೆ. ಬರೀ ಕಿವಿಗೊಟ್ಟು ಕೇಳೂಕೆ." ಅವನ ಕೈಯಿಂದ ಮೈಕು ಕಸಿದುಕೊಂಡಳು. "ಬಾಬಣ್ಣಾ, ನಿನ್ನ ಕಾಲಿಗೆ ಬೀಳ್ತೆ!"

ಇಂಜಿನ್ನಿನ ಗುಡುಗುಡು ನಿಂತಿತು. ಸೆಟ್ಟಿನ ತುಂಬ ತೆರೆಗಳ ಸದ್ದು. ಆಮೇಲೆ ಬಾಬು ಹೇಳಿದ, "ಹಾಡು! ಬಡಗಣ ಬದಿಗೆ. ನೀವೇ ಕೇಳಿ."

ಅವನು ಒತ್ತಿ ಹಿಡಿದ ಮೈಕಿನಿಂದ, ಗಾಳಿಯನ್ನು ಸೂಜಿಯಂತೆ ತೂರಿಕೊಂಡು, ಆ ಹುಡುಗಿಯ ಕೀರಲು ದನಿ ಬಂತು. ತಂಬೂರಿಯಾಗಿದ್ದರೆ ಮೊದಲ ತೆರೆಯಲ್ಲೇ ಮುಳುಗುತ್ತಿತ್ತು. ಮೃದುವಾದ ಯಾವ ಕಂಠವೂ ಇಷ್ಟು ದೂರ ಬರುತ್ತಿರಲಿಲ್ಲ. ವೈಜಯಂತಿ ಸೆಟ್ಟಿಗೆ ಹಣೆಯೊತ್ತಿದಳು. "ಕಿರುಚು, ತಾಯೀ. ಇನ್ನೂ ಜೋರಾಗಿ ಕಿರುಚು."

ಇಂಜಿನ್ ಮತ್ತೆ ಗುಡುಗಿತು. ಬಡಗಣಕ್ಕೆ ಹೋದ ಬಾಬು ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನು ನಿಲ್ಲಿಸಿದ. ಈಗ ಹಾಡು ಹತ್ತಿರವಿತ್ತು, ಒಂದೊಂದು ಮಾತೂ ಕೇಳುತ್ತಿತ್ತು. ಪಲ್ಲವಿಗೆ ಬರುವಷ್ಟರಲ್ಲಿ ಅರ್ಧಕ್ಕೇ ಕಡಿದುಹೋಯಿತು.

"ಬೋಟು ಕಾಣ್ತದಾ?"

"ಇಲ್ಲ ಅಕ್ಕೋರೇ."

ಮುಂದಿನ ಸಾಲು ಏನೆಂದು ಅವಳಿಗೆ ಗೊತ್ತಿರಲಿಲ್ಲ. ಒಂದು ದಿನವೂ ಪೂರ್ತಿ ಕೇಳಿರಲಿಲ್ಲ.

ಆಗ ಹಾಡು ಮತ್ತೆ ಶುರುವಾಯಿತು. ಕಡಿದ ಕಡೆಯಿಂದಲ್ಲ, ಮೊದಲಿನಿಂದ.

ತಾನಾಗಿಯೇ ಹಾಗಾಗುವುದಿಲ್ಲ. ಯಾರೋ ಸ್ಪೀಕರಿನ ಗುಂಡಿ ಒತ್ತಿದ್ದರು.

"ಅಲ್ಲಿಗೇ ಹೋಗ್ತೆ!" ಎಂದು ಬಾಬು ಕೂಗಿದ. ಇಂಜಿನ್ನಿನ ಅಬ್ಬರದಲ್ಲಿ ಹಾಡು ಮುಚ್ಚಿಹೋಯಿತು. ರೋಷನನ ಬೋಟಿನಲ್ಲಿ ಅವನೂ ಸೇರಿ ನಾಲ್ಕು ಜನರಿದ್ದರು. ಒತ್ತಿದ ಕೈ ಯಾರದಿರಬಹುದೆಂದು ತುಳಸಿದಾಸನನ್ನು ಕೇಳಲು ವೈಜಯಂತಿಗೆ ಧೈರ್ಯವಾಗಲಿಲ್ಲ.