ಮತ ಕೇಳಲು ಹೋದ ಕರಿ ಛತ್ರಿ

ನಾನು ಒಂದು ಕರಿ ಛತ್ರಿ. ಹುಬ್ಬಳ್ಳಿಯ ಸಣ್ಣ ಕಾರ್ಖಾನೆಯೊಂದರಲ್ಲಿ ನನ್ನ ಬಟ್ಟೆ ಹೊಲಿದ ಅಜ್ಜ, "ಹೋಗವ್ವಾ, ಮಳ್ಯಾಗ ಯಾರನ್ನರ ಕಾಯಿ" ಎಂದು ಹರಸಿ ಕಳಿಸಿದ. ಎಲ್ಲಿಯ ಮಳೆ! ಬಿಸಿಲಿನಲ್ಲಿ ಮತ ಕೇಳುವುದು ನನ್ನ ಹಣೆಯಲ್ಲಿ ಬರೆದಿತ್ತು.

ಇಳಕಲ್ ಕಡೆಯ ನೇಕಾರರ ಊರೊಂದರಲ್ಲಿ ಪಂಚಾಯ್ತಿ ಚುನಾವಣೆ. ನೀಲವ್ವನಿಗೆ ಛತ್ರಿ ಚಿಹ್ನೆ ಸಿಕ್ಕಿತ್ತು, ಅದಕ್ಕೇ ನನ್ನನ್ನು ಕೊಂಡಳು. ಪಕ್ಕದ ಓಣಿಯ ಗೆಳತಿ ಮೆಹಬೂಬಿಗೆ ಇಸ್ತ್ರಿ ಪೆಟ್ಟಿಗೆ. ಚಿಕ್ಕಂದಿನಿಂದ ಒಂದೇ ಕಟ್ಟೆಯ ಮೇಲೆ ಕೂತು ನೂಲಿನ ಕಂಡಿಕೆ ಸುತ್ತಿದವರು ಅವರು. ಆ ವಾರ್ಡಿನಲ್ಲಿ ಮೂರು ಸ್ಥಾನ, ಒಬ್ಬೊಬ್ಬ ಮತದಾರನಿಗೂ ಮೂರು ಮತ. ಪಂಚಾಯ್ತಿಗೆ ಪಕ್ಷದ ಗುರುತು ಇರುವುದಿಲ್ಲ, ಹಾಗೆಂದು ಪಕ್ಷ ಸುಮ್ಮನಿದ್ದೀತೇ? ಮುಖಂಡ ರಾಚನಗೌಡ ಇವರಿಬ್ಬರ ಜೊತೆ ತನ್ನ ಅಳಿಯನನ್ನೂ ಸೇರಿಸಿ ಪ್ಯಾನೆಲ್ ಕಟ್ಟಿದ. "ಮೂರೂ ಓಟು ನಮ್ಮ ಮೂವರಿಗೇ ಹಾಕ್ರಿ" ಎಂದು ಮನೆಮನೆ ತಿರುಗಿದ್ದಾಯಿತು. ಭಾರ ಹೊತ್ತು ಮೆಹಬೂಬಿಯ ಕೈ ಸೋತಾಗ ನೀಲವ್ವ ಇಸ್ತ್ರಿ ಪೆಟ್ಟಿಗೆ ಇಸಿದುಕೊಂಡು ನನ್ನನ್ನು ಅವಳಿಗೆ ಕೊಡುತ್ತಿದ್ದಳು. ಯಾರ ಚಿಹ್ನೆ ಯಾವುದೆಂದು ಜನ ತಬ್ಬಿಬ್ಬಾದರು, ಗೌಡ ತಲೆ ಚಚ್ಚಿಕೊಂಡ.

ಮತದಾನ ಹತ್ತಿರವಾದಾಗ ನೀಲವ್ವನ ಮೈದುನ ಪಿಸುಗುಟ್ಟಿದ: "ವೈನಿ, ಎದುರಿನವರೂ ಗಟ್ಟಿ ಅದಾರ, ಗೆಲ್ಲೂದು ಮೂರ ಮಂದಿ. ಆಕಿಗೆ ಬೀಳೂ ಓಟು ನಿನ್ನ ಕುತ್ತಿಗಿಗೇ ಬರತೈತಿ. ನಮ್ಮ ಓಣ್ಯಾಗ ಛತ್ರಿಗೊಂದ ಒತ್ರಿ, ಉಳಿದದ್ದು ಖಾಲಿ ಬಿಡ್ರಿ ಅಂತ ಹೇಳು."

"ಆಕಿ ಹೆಸರು ಬಿಟ್ಟು ಕೇಳಾಕ ನನಗ ನಾಲಿಗಿ ಹೊಳ್ಳೂದಿಲ್ಲಪ್ಪಾ" ಎಂದಳು ನೀಲವ್ವ. ಎಲ್ಲರ ಮನೆಯಲ್ಲೂ ಮೂರು ಹೆಸರನ್ನೇ ಹೇಳಿದಳು.

ಮೆಹಬೂಬಿ ಗೆದ್ದಳು. ನೀಲವ್ವ ಕೂದಲೆಳೆಯಲ್ಲಿ ಸೋತಳು. ಪಕ್ಕದ ಓಣಿಯಲ್ಲಿ "ಇಸ್ತ್ರಿ ಪೆಟ್ಟಿಗಿಗೊಂದ ಒತ್ರಿ" ಎಂದು ಗುಟ್ಟಾಗಿ ಹೇಳಿದ್ದರೆಂಬ ಸುದ್ದಿ ಎಣಿಕೆಯ ಜಾಗದಲ್ಲೇ ಕಿವಿಗೆ ಬಿತ್ತು. ಅಳು ಕಾಣದಂತೆ ನನ್ನನ್ನು ಮುಖದವರೆಗೆ ಬಾಗಿಸಿಕೊಂಡು ಮನೆಗೆ ಬಂದಳು. ಅಂದಿನಿಂದ ನಾನು ಗೂಟಕ್ಕೆ, ಅವರ ಮಾತು ಮೌನಕ್ಕೆ. ಕಟ್ಟೆ ಖಾಲಿ ಬಿದ್ದಿತ್ತು.

ಎಷ್ಟೋ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮೆಹಬೂಬಿ ಹೊಸ್ತಿಲಲ್ಲಿ ನಿಂತಳು. "ಅದು ನಮ್ಮ ಭಾವ ಮಾಡಿದ ಕಿತಾಪತಿ, ನೀಲಾ. ನನಗ ಆಮ್ಯಾಲೆ ಗೊತ್ತಾತು. ಬರಾಕ ಮಾರಿ ಇರಲಿಲ್ಲ. ಬೈದುಬಿಡು, ಮಾತು ಮಾತ್ರ ಬಿಡಬ್ಯಾಡ."

ನೀಲವ್ವ ಬೈದಳು. ಅಬ್ಬಬ್ಬಾ, ಏನು ಬೈಗುಳ! ಬೈದು ಸಾಕಾಗಿ ನೀಲವ್ವ, "ಉಂಡೀಯೇನ?" ಎಂದಳು. ಇಬ್ಬರೂ ಉಂಡರು. ಹೊರಡುವಾಗ, "ಮೀಟಿಂಗಿಗೆ ಹೋಗ್ತೀಯಲ್ಲ, ಬಿಸಲು ಭಾಳ ಐತಿ" ಎಂದು ನನ್ನನ್ನು ಅವಳ ಕೈಗಿಟ್ಟಳು. ಹೀಗೆ ನಾನು ಮೆಹಬೂಬಿಯ ಮನೆ ಸೇರಿದೆ.

ಈಗ ನನಗೆ ವಯಸ್ಸಾಗಿದೆ. ಎರಡು ಕಡ್ಡಿ ಮುರಿದಿವೆ, ಬಟ್ಟೆ ತೂತುಬಿದ್ದಿದೆ. ಮತ್ತೆ ಚುನಾವಣೆ ಬಂತು. ಗೌಡ ಬಂದು ನಿಲ್ಲು ಎಂದರೆ ಮೆಹಬೂಬಿ, "ನಾ ಒಲ್ಲೆ. ನೀಲಾನ್ನ ನಿಲ್ಲಸ್ರಿ, ಓಟು ನಾ ಕೇಳ್ತೀನಿ" ಎಂದುಬಿಟ್ಟಳು.

ಈ ಸಲ ನೀಲವ್ವನ ಚಿಹ್ನೆ ಕುಕ್ಕರು. ಅವಳು ಗೆಲ್ಲುತ್ತಾಳೋ ಇಲ್ಲವೋ, ನಾನರಿಯೆ. ನಾನೀಗ ಯಾರ ಚಿಹ್ನೆಯೂ ಅಲ್ಲ, ಬರೀ ಹಳೆ ಛತ್ರಿ. ಇಬ್ಬರು ಭುಜಕ್ಕೆ ಭುಜ ತಾಗಿಸಿ ನಡೆದರೆ ಮಾತ್ರ ಸಾಲುವಷ್ಟು ನೆರಳು ನನ್ನಲ್ಲಿ ಉಳಿದಿದೆ. ಅವರು ಹಾಗೆಯೇ ನಡೆಯುತ್ತಿದ್ದಾರೆ.