ಎಣ್ಣೆಯಿಲ್ಲದ ಉಂಡೆ

ಶಿಡ್ಲಘಟ್ಟದ ಹೋಟೆಲಿನಲ್ಲಿ ಹಿಪ್ಪುನೇರಳೆ ಸೊಪ್ಪಿನ ಬೋಂಡಾ ತಿಂದಾಗಿನಿಂದ ಮೋಹನ್‌ಬಾಬುವಿಗೆ ಅದರದೇ ಧ್ಯಾನ. ಎದೆಗೆ ಸ್ಟೆಂಟ್ ಹಾಕಿಸಿಕೊಂಡವನಿಗೆ ಕರಿದದ್ದನ್ನು ಕೊಡಲು ಹೆಂಡತಿ ಶೋಭಾರಾಣಿಗೆ ಭಯ. ಇವತ್ತು ಸಾದಲಿಯ ತಮ್ಮ ತೋಟದಿಂದಲೇ ಎಳೆ ಸೊಪ್ಪು ಕೊಯ್ದು ತಂದು, ರುಬ್ಬಿದ ಬೇಳೆಗೆ ಕಲಸಿ, ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದಳು.

ಅವನು ತಟ್ಟೆ ಖಾಲಿ ಮಾಡಿ, "ಹೋಟೆಲಿನೋರು ನಿನ್ನತ್ರ ಕಲೀಬೇಕು ಕಣೇ," ಅಂದ.

"ಒಂದು ತೊಟ್ಟೂ ಎಣ್ಣೆ ಹಾಕಿಲ್ಲ. ಇನ್ಮೇಲೆ ಹೆದರೋ ಹಂಗಿಲ್ಲ ಬಿಡಿ," ಅಂದಳು.

ಪಕ್ಕದವರು ದ್ರಾಕ್ಷಿಗೆ ಔಷಧಿ ಹೊಡೆಯುವ ದಿನಗಳಲ್ಲಿ, ಕೊಯ್ದ ಸೊಪ್ಪನ್ನು ಮೊದಲು ನಾಲ್ಕು ರೇಷ್ಮೆಹುಳುಗಳಿಗೆ ಹಾಕಿ ನೋಡುವುದು ಆ ಮನೆಯ ಪದ್ಧತಿ. ಔಷಧಿ ಗಾಳಿಗೆ ಇತ್ತ ಹಾರಿದ್ದರೆ ಹುಳುಗಳಲ್ಲೇ ಗೊತ್ತಾಗುತ್ತದೆ. ಅಡುಗೆಯ ಸಡಗರದಲ್ಲಿ ಇವತ್ತು ಅವಳು ಆ ಕೆಲಸವನ್ನು ಆಮೇಲಕ್ಕೆ ಬಿಟ್ಟಿದ್ದಳು.

ಈಗ ಉಳಿದ ಸೊಪ್ಪನ್ನು ಹುಳುಗಳ ಮುಂದಿಟ್ಟು, ಪಾತ್ರೆ ತೊಳೆದು ಬಂದು ನೋಡಿದಳು. ನಾಲ್ಕೂ ತಲೆ ಎತ್ತಿ ಅತ್ತಿತ್ತ ತೂಗುತ್ತಿದ್ದವು. ಬಾಯಿಂದ ಹಸಿರು ನೀರು ಒಸರುತ್ತಿತ್ತು.

ಅವಳು ಒಳಕ್ಕೆ ಓಡಿದಳು.

ಅಡುಗೆಮನೆಯಿಂದ ಮೋಹನ್‌ಬಾಬುವಿನ ದನಿ ಕೇಳಿಸಿತು. "ಶೋಭಾ, ಬೈಬೇಡ ಕಣೇ. ನಿನ್ನ ಪಾಲಿಂದೂ ನಾನೇ ತಿಂದ್ಬಿಟ್ಟೆ."