ಕೀವಿಲ್ಲದ ಬಾವು

ಇಂಡಿ ಊರಿನ ಲಿಂಬೆ ವ್ಯಾಪಾರಿ ಖಲೀಲನ ಮಗಳು ಸುಲ್ತಾನಾ ಬೆನ್ನು ನೋಯುತ್ತದೆ ಎಂದು ಅತ್ತಾಗ ಮೊದಮೊದಲು ಯಾರೂ ನಂಬಲಿಲ್ಲ. ನೋವು ಕೆಲವು ದಿನ ಇರುತ್ತಿತ್ತು, ಆಮೇಲೆ ತಾನಾಗಿಯೇ ಹೋಗುತ್ತಿತ್ತು.

"ಸಾಲಿ ತಪ್ಪಸಾಕ ನಾಟಕ ಮಾಡ್ತಾಳ" ಎಂದಳು ಅಜ್ಜಿ ಪೀರಬಿ. ತಾಯಿ ನಿಷತಳಿಗೂ ಹಾಗೇ ಅನ್ನಿಸಿ, ಗದರಿಸಿ ಕಳಿಸಿದ್ದಳು.

ಮುಂದೆ ಕೊರಳ ಕೆಳಗಿನ ಎಲುಬಿನ ಮೇಲೆ ಬಾವು ಬಂತು. ಒಬ್ಬ ಡಾಕ್ಟರು ಕೀವು ಇರಬೇಕೆಂದು ಕೊಯ್ದರು. ಕೀವು ಇರಲಿಲ್ಲ. ಇನ್ನೊಬ್ಬರು ಕ್ಷಯ ಇರಬಹುದೆಂದು ತಿಂಗಳುಗಟ್ಟಲೆ ಗುಳಿಗೆ ಕೊಟ್ಟರು. ಅದು ಗೊತ್ತಾದದ್ದೇ ತಡ, ಓಣಿಯವರು ತಮ್ಮ ಮಕ್ಕಳನ್ನು ಇವರ ಮನೆಗೆ ಆಡಲು ಕಳಿಸುವುದನ್ನು ಬಿಟ್ಟರು. ಗುಳಿಗೆ ನುಂಗುತ್ತಿದ್ದರೂ ಸುಲ್ತಾನಾಳ ಬೆನ್ನು ಬಾಗುತ್ತ ಹೋಯಿತು.

"ನಮ್ಮ ಮನಿತನದಾಗ ಇಂಥಾದ್ದು ಯಾರಿಗೂ ಇಲ್ಲ. ಇದು ನಿನ್ನ ತವರಿನ ರಕ್ತ" ಎಂದು ಪೀರಬಿ ಬಂದ ನೆಂಟರ ಮುಂದೆಲ್ಲ ಸೊಸೆಯನ್ನು ಹಂಗಿಸುತ್ತಿದ್ದಳು. ಖಲೀಲ ಕೇಳಿಯೂ ಕೇಳದವನಂತೆ ಎದ್ದು ಮಾರ್ಕೆಟ್ಟಿಗೆ ಹೋಗುತ್ತಿದ್ದ. ಅವನು ಬಾಯಿ ಬಿಡದಿದ್ದದ್ದು ನಿಷತಳಿಗೆ ಅತ್ತೆಯ ಮಾತಿಗಿಂತ ಹೆಚ್ಚು ಚುಚ್ಚುತ್ತಿತ್ತು.

ಕೊನೆಗೆ ದೂರದ ದೊಡ್ಡ ಆಸ್ಪತ್ರೆಯಲ್ಲಿ ನಿಜ ತಿಳಿಯಿತು. ಎಲುಬಿನ ಚೂರು ತೆಗೆದು ನೋಡಿದರೆ ಅದರಲ್ಲಿ ಯಾವ ರೋಗಾಣುವೂ ಇರಲಿಲ್ಲ. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಎಲುಬಿಗೆ ಉರಿಯೂತ ತಂದಿತ್ತು. ಮಕ್ಕಳಲ್ಲಿ ಬಲು ಅಪರೂಪದ ಬೇನೆ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಅಲ್ಲ. ಸರಿಯಾದ ಔಷಧ ಸಿಕ್ಕ ಮೇಲೆ ನೋವು ಇಳಿಯಿತು. ಬಾಗಿದ ಬೆನ್ನು ಹಾಗೇ ಉಳಿಯಿತು.

ಈ ಬೇನೆ ಯಾಕೆ ಬರುತ್ತದೆ ಎಂದು ಅದೇ ಆಸ್ಪತ್ರೆಯಲ್ಲಿ ಸಂಶೋಧನೆ ನಡೆಸುತ್ತಿದ್ದ ಡಾಕ್ಟರ್ ಸುಮಂಗಲಾ ಒಂದು ದಿನ ಮನೆಗೆ ಬಂದರು. ಅವರೂ ಅದೇ ಜಿಲ್ಲೆಯ ಬಸವನ ಬಾಗೇವಾಡಿ ಕಡೆಯವರೇ.

"ಮಗಳದು, ತಾಯಿದು, ತಂದೀದು, ಮೂರೂ ಮಂದೀದು ಒಂದೀಟ ರಕ್ತ ಬೇಕ್ರಿ. ಕೂಡಿಸಿ ನೋಡಿದ್ರ ಕಾರಣ ಹುಡುಕಾಕ ಅನುಕೂಲ ಆಗ್ತೈತಿ. ಒಲ್ಲೆ ಅಂದ್ರೂ ಸುಲ್ತಾನಾನ ಔಷಧ ನಿಲ್ಲೂದಿಲ್ರಿ."

"ಸೊಸಿದು ತಗೋರಿ" ಎಂದಳು ಪೀರಬಿ. "ನನ್ನ ಮಗಗ ಸೂಜಿ ಹಚ್ಚಬ್ಯಾಡ್ರಿ."

ನಿಷತ ಸಿಟ್ಟಿನಿಂದ ಡಾಕ್ಟರನ್ನು ಕೇಳಿದಳು: "ಬಾಯಾರ, ಇದರಿಂದ ನನ್ನ ಮಗಳ ಬೆನ್ನು ನೆಟ್ಟಗಾಗ್ತೈತೇನ್ರಿ?"

"ಇಲ್ರಿ ಅಕ್ಕಾರ. ಸುಳ್ಳು ಹೇಳಂಗಿಲ್ಲ."

"ಹಂಗಾದ್ರ ಯಾಕ ಕೊಡಬೇಕ್ರಿ? ಕೊಯ್ಯಾವ್ರು ಕೊಯ್ದ್ರು, ಗುಳಿಗಿ ಕೊಡಾವ್ರು ಕೊಟ್ರು. ಆಕಿ ಅಳಾಕತ್ತಾಗ ಯಾರೂ ಬರಲಿಲ್ಲ. ಈಗ ರಕ್ತ ಬೇಕಂತ ಬಂದೀರಿ."

"ನಿಮ್ಮ ಸಿಟ್ಟು ಖರೇ ಐತ್ರಿ" ಎಂದರು ಸುಮಂಗಲಾ. "ಸಿಂದಗಿ ಕಡಿಂದ ನಮ್ಮ ದವಾಖಾನಿಗೆ ಒಂದು ಕೂಸು ಬಂದೈತಿ. ಅದಕ್ಕೂ ಇದ ಬೇನಿ. ಅದರ ಕಾಲಿನ ಬಾವೂ ಕೀವ ಐತಂತ ಸುಮ್ಮ ಸುಮ್ಮನ ಕೊಯ್ದಾರ್ರಿ. ಕಾರಣ ತಿಳಿದ್ರ ಇಂಥಾ ಮಕ್ಕಳ ಬೇನಿ ಲಗೂನ ಹಿಡೀಬೌದು."

ನಿಷತ ಕೇಳಿದಳು: "ಆ ಕೂಸಿನ ತಾಯಿಗೂ ತವರಿನ ರಕ್ತ ಅಂತಾರೇನ್ರಿ?"

"ಅಂತಾರ್ರಿ." ಸುಮಂಗಲಾ ಪೀರಬಿಯ ಕಡೆ ತಿರುಗಿದರು. "ಕಾರಣ ಇನ್ನೂ ಪೂರ್ತಿ ಗೊತ್ತಿಲ್ಲ, ಅಮ್ಮಾರ. ನಾಳೆ ಯಾರ ರಕ್ತದಾಗ ಏನ ಸಿಕ್ರೂ ಅದು ಅವರ ತಪ್ಪಲ್ಲ. ಬೇಕಂತ ಯಾರೂ ಮಕ್ಕಳಿಗೆ ಬೇನಿ ಕೊಡಂಗಿಲ್ರಿ."

ನಿಷತ ತೋಳು ಚಾಚಿದಳು. ಗಂಡನಿಗೆ, "ನೀವೂ ಬರ್ರಿ. ಇಷ್ಟು ದಿನ ನಾ ಒಬ್ಬಾಕಿನ ಹೊತ್ತೇನಿ" ಎಂದಳು.

ಖಲೀಲ ತಾಯಿಯ ಮುಖ ನೋಡಿದ. ಆಮೇಲೆ ಅಂಗಿಯ ತೋಳು ಮಡಚಿ ಹೆಂಡತಿಯ ಪಕ್ಕ ಕುಳಿತ.

ಪೀರಬಿ ತಪ್ಪಾಯಿತು ಎನ್ನಲಿಲ್ಲ. ಸುಲ್ತಾನಾಳ ಸರದಿ ಬಂದಾಗ ಮಾತ್ರ ತಾನೇ ಎದ್ದು ಬಂದು ಮೊಮ್ಮಗಳನ್ನು ಎದೆಗೆ ಒತ್ತಿ ಹಿಡಿದುಕೊಂಡಳು. ನಿಷತ ಅವಳತ್ತ ನೋಡಲಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ತಾಯಿ ತಂದೆಯರೇ, ಈ ಬೇನೆಯ ಕಾರಣವನ್ನು ಡಾಕ್ಟರರು ಇನ್ನೂ ಹುಡುಕುತ್ತಿದ್ದಾರೆ. ಮಗು ಎಲುಬು ನೋಯುತ್ತದೆ ಅಂದರೆ ನಂಬಿ. ನೋವು ಹೋಗಿ ಹೋಗಿ ಮತ್ತೆ ಬರುತ್ತಿದ್ದರೆ, ಬಾವು ಇದ್ದರೆ, ಬರೆ ಹಾಕಿಸಬೇಡಿ, ಡಾಕ್ಟರಿಗೆ ತೋರಿಸಿ. ಜ್ವರವೂ ಇದ್ದರೆ ಅಂದೇ ತೋರಿಸಿ. ನುಂಗುತ್ತಿರುವ ಗುಳಿಗೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಗುಣ ಕಾಣದಿದ್ದರೆ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಡಿ ಎಂದು ಕೇಳಿ. ಸಂಶೋಧನೆಗೆ ರಕ್ತ ಕೇಳಿದರೆ ಎಲ್ಲವನ್ನೂ ವಿಚಾರಿಸಿ, ಮನಸ್ಸು ಒಪ್ಪಿದರೆ ಕೊಡಿ. ನಿಮ್ಮ ಮಗುವಿಗೆ ತಡವಾಗಿರಬಹುದು. ಇನ್ನೊಬ್ಬರ ಮಗುವಿಗೆ ತಡವಾಗದಿರಲಿ.